ಕಲ್ಲಿನ ಪಡಿಯಚ್ಚು, ಪರದೆಯ ಪಡಿಯಚ್ಚು

ಸಾಗರದ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲುಗಳ ದಿನದ ಧಾರಣೆ. ತಾಲ್ಲೂಕು ಕಚೇರಿಗೆ ಸಲ್ಲಿಸಿದ ಅರ್ಜಿ ಈಗ ಯಾರ ಮೇಜಿನ ಮೇಲಿದೆ ಎಂಬ ವಿವರ. ಮಕ್ಕಳ ಪರೀಕ್ಷೆಯ ಫಲಿತಾಂಶ. ಸಹಕಾರ ಸಂಘಕ್ಕೆ ಕಟ್ಟಿದ ಕಂತಿನ ರಸೀದಿ. ಇವೆಲ್ಲ ಇಂದು ಮೊಬೈಲ್ ಅಥವಾ ಕಂಪ್ಯೂಟರಿನ ಪರದೆಯ ಮೇಲೆ ಕಾಣಿಸಿಕೊಂಡು ಮರುಗಳಿಗೆಯಲ್ಲಿ ಮರೆಯಾಗುವ ಸಂಗತಿಗಳು. ನಾಳೆ ನೋಡಿದರೆ ದರ ಬದಲಾಗಿರುತ್ತದೆ, ಅರ್ಜಿಯ ಸ್ಥಿತಿ ಬದಲಾಗಿರುತ್ತದೆ, ಕೆಲವೊಮ್ಮೆ ಪುಟವೇ ಇರುವುದಿಲ್ಲ. ಆದ್ದರಿಂದಲೇ ಕಂಡದ್ದನ್ನು ಕಂಡ ಹಾಗೆಯೇ ಹಿಡಿದಿಡುವ ಅಭ್ಯಾಸ ಜನರಲ್ಲಿ ಬೆಳೆದಿದೆ. ಇದಕ್ಕೆ ಎಲ್ಲರೂ ಬಳಸುವ ಹೆಸರು ‘ಸ್ಕ್ರೀನ್‌ಶಾಟ್’.

ಹೆಸರು ಹೊಸದು, ಯಂತ್ರ ಹೊಸದು. ಆದರೆ ಕೆಲಸ ಹೊಸದಲ್ಲ. ಒಂದು ಮೇಲ್ಮೈಯ ಮೇಲಿನ ಬರಹವನ್ನು ಕೈತಪ್ಪಿ ಹೋಗುವ ಮೊದಲೇ ಹಾಗೆಯೇ ಎತ್ತಿಕೊಳ್ಳುವ ದೊಡ್ಡ ಪ್ರಯತ್ನವೊಂದು ನೂರಿಪ್ಪತ್ತು ವರ್ಷಗಳ ಹಿಂದೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿಯೇ ನಡೆದಿತ್ತು. ಅಂದಿನ ಮೇಲ್ಮೈ ಕಲ್ಲು, ಇಂದಿನದು ಗಾಜು. ಎರಡರ ಚರಿತ್ರೆಯನ್ನೂ ಜೊತೆಗಿಟ್ಟು ನೋಡಿದರೆ ಒಂದು ಪಾಠ ಸ್ಪಷ್ಟವಾಗುತ್ತದೆ. ದಾಖಲೆ ಎನಿಸಿಕೊಳ್ಳಬೇಕಾದರೆ ಮೂರು ಬೇಕು: ಬರಹದ ಚಿತ್ರ, ಓದಲು ಹುಡುಕಲು ಬರುವ ಅಕ್ಷರ, ಮತ್ತು ಅದು ಎಲ್ಲಿಯದು, ಯಾವಾಗಿನದು ಎಂಬ ವಿಳಾಸ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಮುಂದೆ ಯಾರಾದರೂ ಒಬ್ಬರು ಪೇಚಾಡಬೇಕಾಗುತ್ತದೆ.

ರೈಸ್ ಅವರ ಎಂಟನೆಯ ಸಂಪುಟ

ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬೆಂಜಮಿನ್ ಲೂಯಿಸ್ ರೈಸ್ ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ತಂದೆ ಮಿಷನರಿ. ಮಗ ಶಾಲಾ ಶಿಕ್ಷಣದ ಕೆಲಸದಿಂದ ಆರಂಭಿಸಿ ಸಂಸ್ಥಾನದ ಪ್ರಾಚ್ಯ ಸಂಶೋಧನೆಯ ಹೊಣೆ ಹೊತ್ತರು. ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಮಾಲೆಯ ಮೊದಲ ಸಂಪುಟ, ಕೊಡಗಿನ ಶಾಸನಗಳದ್ದು, ೧೮೮೬ರಲ್ಲಿ ಹೊರಬಂತು. ೧೯೦೫ರ ಹೊತ್ತಿಗೆ ಹನ್ನೆರಡು ಸಂಪುಟಗಳಾಗಿದ್ದವು. ಅವುಗಳಲ್ಲಿ ಸೇರಿರುವ ಶಾಸನಗಳ ಸಂಖ್ಯೆ ಒಂಬತ್ತು ಸಾವಿರದ ಆಸುಪಾಸಿನದು.

ಈ ಮಾಲೆಯ ಏಳು ಮತ್ತು ಎಂಟನೆಯ ಸಂಪುಟಗಳು ಶಿವಮೊಗ್ಗ ಜಿಲ್ಲೆಗೆ ಮೀಸಲು. ೧೯೦೪ರಲ್ಲಿ ಪ್ರಕಟವಾದ ಎಂಟನೆಯ ಸಂಪುಟದಲ್ಲಿ ಸೊರಬ, ಸಾಗರ, ನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿವೆ. ಇಲ್ಲಿ ನಗರ ಎಂದರೆ ಇಂದಿನ ಹೊಸನಗರ ತಾಲ್ಲೂಕು. ಕೆಳದಿ, ಇಕ್ಕೇರಿಗಳ ನಂತರ ನಾಯಕರ ರಾಜಧಾನಿಯಾಗಿ, ೧೭೬೩ರಲ್ಲಿ ಹೈದರಾಲಿಯ ವಶವಾದ ಬಿದನೂರೇ ಆ ನಗರ. ಹೊಂಬುಜದ ಸಾಂತರರು, ಆರಗವನ್ನು ಕೇಂದ್ರವಾಗಿಟ್ಟುಕೊಂಡಿದ್ದ ವಿಜಯನಗರದ ಅಧಿಕಾರಿಗಳು, ಕೆಳದಿಯ ನಾಯಕರು ಹೀಗೆ ಮಲೆನಾಡನ್ನು ಆಳಿದವರ ದಾನದತ್ತಿಗಳು, ಕಾಳಗದಲ್ಲಿ ಮಡಿದವರ ವೀರಗಲ್ಲುಗಳು, ಮಠಮಾನ್ಯಗಳ ತಾಮ್ರಪಟಗಳು ಈ ಒಂದು ಸಂಪುಟದಲ್ಲಿ ಒಟ್ಟಾಗಿವೆ.

ರೈಸ್ ಅವರಿಗಿಂತ ಹಿಂದೆಯೂ ಈ ಕೆಲಸಕ್ಕೆ ಕೈಹಾಕಿದವರಿದ್ದರು. ಶ್ರೀರಂಗಪಟ್ಟಣದ ಪತನದ ನಂತರ ಮೈಸೂರು ಸೀಮೆಯ ಸರ್ವೇಕ್ಷಣೆ ಮಾಡಿದ ಕಾಲಿನ್ ಮೆಕೆಂಜಿ ತಮ್ಮ ಸಹಾಯಕರಿಂದ ಶಾಸನಗಳನ್ನು ಕೈಬರಹದಲ್ಲಿ ನಕಲು ಮಾಡಿಸಿದರು. ಬೌರಿಂಗ್ ಅವರು ಮೈಸೂರಿನ ಮುಖ್ಯ ಕಮಿಷನರ್ ಆಗಿದ್ದ ಕಾಲದಲ್ಲಿ, ೧೮೬೫ರ ಸುಮಾರಿಗೆ, ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಕ್ಯಾಮೆರಾದಿಂದ ಶಾಸನಗಳ ಛಾಯಾಚಿತ್ರ ತೆಗೆದರು. ಆ ಚಿತ್ರಗಳನ್ನು ಓದುವ ಕೆಲಸವೇ ರೈಸ್ ಅವರನ್ನು ಶಾಸನಗಳ ಲೋಕಕ್ಕೆ ಎಳೆತಂದದ್ದು. ಅದರ ಫಲವಾಗಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ೧೮೭೯ರಲ್ಲಿ ಪ್ರಕಟವಾಯಿತು.

ಕೈನಕಲಿನ ದೋಷ ಎಲ್ಲರಿಗೂ ಗೊತ್ತಿರುವಂಥದ್ದು. ಬರೆಯುವವನು ಕಂಡದ್ದನ್ನಲ್ಲ, ತನಗೆ ತಿಳಿದದ್ದನ್ನು ಬರೆಯುತ್ತಾನೆ. ಅರಿಯದ ಅಕ್ಷರ ಬಂದಾಗ ಅರಿತ ಅಕ್ಷರ ಅಲ್ಲಿ ನುಸುಳಿಬಿಡುತ್ತದೆ. ಅಂದಿನ ಕ್ಯಾಮೆರಾಕ್ಕೆ ಬೆಳಕಿನ ತೊಂದರೆ. ಕತ್ತಲೆಯ ಗುಡಿಯೊಳಗಿನ ಕಂಬದ ಮೇಲಿನ ಸಾಲುಗಳು ಮೂಡುತ್ತಿರಲಿಲ್ಲ. ಆದ್ದರಿಂದ ಶಾಸನತಜ್ಞರು ನೆಚ್ಚಿಕೊಂಡದ್ದು ಮೂರನೆಯ ವಿಧಾನವನ್ನು. ಅದೇ ಪಡಿಯಚ್ಚು.

ಕಾಗದ, ಕುಂಚ, ಮಸಿ

ಪಡಿಯಚ್ಚು ತೆಗೆಯುವ ಕೆಲಸಕ್ಕೆ ದೊಡ್ಡ ಯಂತ್ರವೇನೂ ಬೇಡ, ತಾಳ್ಮೆ ಬೇಕು. ಮೊದಲು ಕಲ್ಲನ್ನು ನೀರು ಹಾಕಿ ಗಡುಸು ಕುಂಚದಿಂದ ತಿಕ್ಕಿ ಪಾಚಿ, ಮಣ್ಣುಗಳನ್ನು ಬಿಡಿಸಬೇಕು. ನೆನೆಸಿದ ಕಾಗದವನ್ನು ಸುಕ್ಕಿಲ್ಲದಂತೆ ಕಲ್ಲಿಗೆ ಹಾಸಬೇಕು. ಬಳಿಕ ಕುಂಚದಿಂದ ಒಂದೇ ಸಮನೆ ಕುಟ್ಟುತ್ತ ಹೋದರೆ ಕಾಗದ ಅಕ್ಷರಗಳ ತಗ್ಗಿಗೆ ಇಳಿದು ಕೂರುತ್ತದೆ. ಅರೆಬರೆ ಒಣಗಿದಾಗ ಮಸಿ ಹಚ್ಚಿದ ಬಟ್ಟೆಯ ಉಂಡೆಯಿಂದ ಮೆಲ್ಲನೆ ತಟ್ಟುತ್ತಾರೆ. ಕಲ್ಲಿನ ಸಮತಲದ ಮೇಲಿರುವ ಕಾಗದವೆಲ್ಲ ಕಪ್ಪಾಗುತ್ತದೆ, ತಗ್ಗಿಗೆ ಇಳಿದ ಭಾಗಕ್ಕೆ ಮಸಿ ತಾಕದೆ ಬಿಳಿಯಾಗಿ ಉಳಿಯುತ್ತದೆ. ಪೂರ್ಣ ಒಣಗಿದ ಮೇಲೆ ಕಾಗದವನ್ನು ಎತ್ತಿದರೆ ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳು ಕಾಣುತ್ತವೆ.

ಅಕ್ಷರ ಬಲ್ಲವನೇ ಇದನ್ನು ತೆಗೆಯಬೇಕೆಂದೇನೂ ಇಲ್ಲ. ಅದೇ ಇದರ ಹಿರಿಮೆ. ಕಲ್ಲಿನ ಮೇಲೆ ಏನಿದೆಯೋ ಅದು ಕಾಗದಕ್ಕೆ ಬರುತ್ತದೆ. ಬಿರುಕು ಬಂದಿದ್ದರೆ ಬಿರುಕೂ ಬರುತ್ತದೆ. ಅರ್ಥ ಮಾಡಿಕೊಳ್ಳುವ ಕೆಲಸವನ್ನು ಕಚೇರಿಯಲ್ಲಿ ದೀಪದ ಕೆಳಗೆ ಬಿಡುವಾಗಿ ಮಾಡಬಹುದು. ಮಲೆನಾಡಿನಲ್ಲಿ ಮಾತ್ರ ಇದಕ್ಕೆ ಕಾಲ ನೋಡಿಕೊಳ್ಳಬೇಕು. ಆಗುಂಬೆ, ಹುಲಿಕಲ್ಲುಗಳ ಮಳೆ ಸುರಿಯುವಾಗ ಒದ್ದೆ ಕಾಗದ ಒಣಗುವುದೆಂದು?

ಕಾಗದ ಕಚೇರಿ ಸೇರಿದ ಮೇಲೆ ಎರಡನೆಯ ಹಂತ. ರೈಸ್ ಅವರ ಸಂಪುಟಗಳಲ್ಲಿ ಶಾಸನದ ಪಾಠ ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಇದೆ, ಇಂಗ್ಲಿಷ್ ಅನುವಾದವಿದೆ. ಅಂದರೆ ಚಿತ್ರವಾಗಿದ್ದದ್ದು ಅಚ್ಚುಮೊಳೆಯ ಅಕ್ಷರವಾಯಿತು. ಇದರ ಜೊತೆಗೆ ಒಂದು ಸಂಖ್ಯೆ, ಊರಿನ ಹೆಸರು, ಕಲ್ಲು ಎಲ್ಲಿದೆ ಎಂಬ ವಿವರ. ಹೊಂಬುಜದಲ್ಲಿ ಚಟ್ಟಲದೇವಿ ಕಟ್ಟಿಸಿದ ಪಂಚಕೂಟ ಬಸದಿಗೆ ಸಂಬಂಧಿಸಿದ ೧೦೭೭ರ ಪ್ರಸಿದ್ಧ ಶಾಸನವನ್ನು ಇಂದಿಗೂ ವಿದ್ವಾಂಸರು ‘ಎ.ಕ. ೮, ನಗರ ೩೫’ ಎಂದೇ ಗುರುತಿಸುತ್ತಾರೆ. ಸಂಪುಟ, ತಾಲ್ಲೂಕು, ಸಂಖ್ಯೆ ಇಷ್ಟು ಹೇಳಿದರೆ ಸಾಕು, ಜಗತ್ತಿನ ಯಾವ ಮೂಲೆಯಲ್ಲಿ ಕುಳಿತವರೂ ಅದೇ ಕಲ್ಲಿನ ಅದೇ ಸಾಲುಗಳನ್ನು ತಲುಪುತ್ತಾರೆ. ತಾಲ್ಲೂಕಿನ ಹೆಸರು ಬದಲಾದರೂ ವಿಳಾಸ ಕೆಟ್ಟಿಲ್ಲ.

ಅವಸರದಲ್ಲಿ ಓದಿದ ಪಾಠಗಳಲ್ಲಿ ತಪ್ಪುಗಳು ಉಳಿದದ್ದೂ ಉಂಟು. ವೀರಗಲ್ಲಿನ ಶಿಲ್ಪ ಪಾಠದೊಳಗೆ ಬರುವುದೂ ಇಲ್ಲ. ಹಾಗಾಗಿಯೇ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ೧೯೭೦ರ ದಶಕದಿಂದ ಈ ಮಾಲೆಯ ಪರಿಷ್ಕೃತ ಸಂಪುಟಗಳನ್ನು ಹೊರತರಬೇಕಾಯಿತು. ತಿದ್ದಲು ಸಾಧ್ಯವಾದದ್ದು ಹೇಗೆ? ಕಲ್ಲು ಉಳಿದಿದ್ದ ಕಡೆ ಕಲ್ಲನ್ನೂ, ಪಡಿಯಚ್ಚು ಇದ್ದ ಕಡೆ ಪಡಿಯಚ್ಚನ್ನೂ ಮತ್ತೆ ನೋಡಿದ್ದರಿಂದ. ಎರಡೂ ಇಲ್ಲದ ಕಡೆ ಹಳೆಯ ಓದನ್ನೇ ನಂಬಬೇಕು.

ಪರದೆಗೊಂದು ಅಚ್ಚು

ಈಗ ಗಾಜಿನ ಪರದೆಗೆ ಬರೋಣ. ಕಂಪ್ಯೂಟರಿಗೆ ಪರದೆ ಬಂದ ಮೊದಲ ದಶಕಗಳಲ್ಲಿ ಅದರ ಮೇಲೆ ಕಂಡದ್ದನ್ನು ಉಳಿಸಿಕೊಳ್ಳಲು ಇದ್ದ ಉಪಾಯ ಮೇಜರ್ ಡಿಕ್ಸನ್ನರದ್ದೇ. ಎದುರಿಗೆ ಕ್ಯಾಮೆರಾ ಇಟ್ಟು ಚಿತ್ರ ತೆಗೆಯುವುದು. ಕೋಣೆಯ ಬೆಳಕು ಗಾಜಿನ ಮೇಲೆ ಬೀಳದಂತೆ ಪರದೆಗೂ ಕ್ಯಾಮೆರಾಕ್ಕೂ ನಡುವೆ ಮುಸುಕು ಹಾಕುತ್ತಿದ್ದರು.

೧೯೮೧ರಲ್ಲಿ ಐಬಿಎಂ ಕಂಪನಿ ಹೊರತಂದ ಪರ್ಸನಲ್ ಕಂಪ್ಯೂಟರಿನ ಕೀಲಿಮಣೆಯಲ್ಲಿ ‘ಪ್ರಿಂಟ್ ಸ್ಕ್ರೀನ್’ ಎಂಬ ಕೀಲಿ ಇತ್ತು. ಶಿಫ್ಟ್ ಜೊತೆ ಅದನ್ನು ಒತ್ತಿದರೆ ಪರದೆಯ ಮೇಲಿನ ಅಕ್ಷರಗಳು ನೇರವಾಗಿ ಪ್ರಿಂಟರಿಗೆ ಹೋಗಿ ಕಾಗದದ ಮೇಲೆ ಮುದ್ರಣವಾಗುತ್ತಿದ್ದವು. ಕೀಲಿಯ ಹೆಸರಿನ ಅರ್ಥವೇ ಅದು. ಗಮನಿಸಬೇಕಾದದ್ದೆಂದರೆ, ಅದು ತೆಗೆಯುತ್ತಿದ್ದದ್ದು ಅಕ್ಷರಗಳನ್ನು ಮಾತ್ರ. ಪರದೆಯ ಮೇಲೆ ಚಿತ್ರ, ನಕ್ಷೆ ಇದ್ದರೆ ಅದಕ್ಕೆ ಬೇರೆ ಪ್ರೋಗ್ರಾಮಿನ ನೆರವು ಬೇಕಾಗುತ್ತಿತ್ತು.

೧೯೮೪ರ ಮೆಕಿಂಟಾಷ್ ಕಂಪ್ಯೂಟರಿನದು ಇದಕ್ಕೆ ತಿರುಗುಮುರುಗು. ಅದರ ಪರದೆಯ ಮೇಲಿದ್ದದ್ದೆಲ್ಲ ಚಿತ್ರವೇ. ಅಕ್ಷರವೂ ಚುಕ್ಕಿಗಳಿಂದಾದ ಚಿತ್ರ. ಕಮಾಂಡ್, ಶಿಫ್ಟ್ ಮತ್ತು ಮೂರರ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಇಡೀ ಪರದೆ ಒಂದು ಚಿತ್ರದ ಫೈಲಾಗಿ ಡಿಸ್ಕಿನಲ್ಲಿ ಕೂರುತ್ತಿತ್ತು. ಒಂದು ಯಂತ್ರ ಪಾಠ ಕೊಟ್ಟಿತು, ಇನ್ನೊಂದು ಪಡಿಯಚ್ಚು ಕೊಟ್ಟಿತು ಎನ್ನಬಹುದು. ಮುಂದೆ ಎಲ್ಲ ಕಂಪ್ಯೂಟರುಗಳೂ ಎರಡನೆಯ ದಾರಿಯನ್ನೇ ಹಿಡಿದವು.

ಒಂದೊಂದು ಯಂತ್ರಕ್ಕೆ ಒಂದೊಂದು ರೀತಿ

ಇಂದು ಹೆಚ್ಚಿನ ಕಚೇರಿ, ಅಂಗಡಿ, ಶಾಲೆಗಳಲ್ಲಿರುವುದು ವಿಂಡೋಸ್ ಕಂಪ್ಯೂಟರು. ಅದರಲ್ಲಿ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಬಹುಕಾಲ ಕಾಗದವೂ ಬರುತ್ತಿರಲಿಲ್ಲ, ಫೈಲೂ ಆಗುತ್ತಿರಲಿಲ್ಲ. ಚಿತ್ರ ‘ಕ್ಲಿಪ್‌ಬೋರ್ಡ್’ ಎಂಬ ತಾತ್ಕಾಲಿಕ ಜಾಗದಲ್ಲಿ ಕಾಣದಂತೆ ಕುಳಿತಿರುತ್ತಿತ್ತು. ‘ಪೇಂಟ್’ ತೆರೆದು ಅಂಟಿಸಿ ಉಳಿಸಬೇಕಿತ್ತು. ಈ ಗುಟ್ಟು ತಿಳಿಯದೆ ಕೀಲಿ ಕೆಟ್ಟಿದೆ ಎಂದುಕೊಂಡವರೂ ಇದ್ದರು. ಆಲ್ಟ್ ಜೊತೆ ಒತ್ತಿದರೆ ಇಡೀ ಪರದೆಯ ಬದಲು ಎದುರಿನ ಒಂದು ಕಿಟಕಿ ಮಾತ್ರ ಬರುತ್ತದೆ. ೨೦೧೨ರ ವಿಂಡೋಸ್ ೮ರಿಂದ ವಿಂಡೋಸ್ ಕೀಲಿ ಮತ್ತು ಪ್ರಿಂಟ್ ಸ್ಕ್ರೀನ್ ಒಟ್ಟಿಗೆ ಒತ್ತಿದರೆ ‘ಪಿಕ್ಚರ್ಸ್’ ಒಳಗಿನ ‘ಸ್ಕ್ರೀನ್‌ಶಾಟ್ಸ್’ ಎಂಬ ಫೋಲ್ಡರಿನಲ್ಲಿ ಚಿತ್ರ ತಾನಾಗಿಯೇ ಉಳಿಯುತ್ತದೆ. ಬೇಕಾದ ತುಂಡನ್ನಷ್ಟೇ ಕತ್ತರಿಸಿಕೊಳ್ಳಲು ವಿಂಡೋಸ್, ಶಿಫ್ಟ್ ಮತ್ತು ಎಸ್ ಕೀಲಿಗಳಿವೆ.

ಮ್ಯಾಕ್‌ನಲ್ಲಿ ೧೯೮೪ರ ಆ ಮೂರು ಕೀಲಿಗಳೇ ಇಂದಿಗೂ ನಡೆಯುತ್ತಿವೆ. ಮೂರರ ಬದಲು ನಾಲ್ಕು ಒತ್ತಿದರೆ ಒಂದು ಭಾಗ, ಐದು ಒತ್ತಿದರೆ ಎಲ್ಲ ಆಯ್ಕೆಗಳ ಪಟ್ಟಿ ಬರುತ್ತದೆ. ಚಿತ್ರ ಕಣ್ಣೆದುರಿಗಿನ ಡೆಸ್ಕ್‌ಟಾಪಿನಲ್ಲಿಯೇ ಉಳಿಯುತ್ತದೆ. ಲಿನಕ್ಸ್ ಬಳಸುವವರಿಗೆ ‘ಗ್ನೋಮ್’ ವ್ಯವಸ್ಥೆಯಲ್ಲಿ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಯಾವ ಭಾಗ ಬೇಕೆಂದು ಕೇಳುವ ಚೌಕಟ್ಟು ಮೂಡುತ್ತದೆ. ಫೋನುಗಳಲ್ಲಿ ಈ ಸೌಲಭ್ಯ ಐಫೋನಿಗೆ ೨೦೦೮ರಲ್ಲಿ ಬಂತು. ಆಂಡ್ರಾಯ್ಡ್‌ನಲ್ಲಿ ೨೦೧೧ರ ನಾಲ್ಕನೆಯ ಆವೃತ್ತಿಯಿಂದ ಪವರ್ ಗುಂಡಿ ಮತ್ತು ಧ್ವನಿ ತಗ್ಗಿಸುವ ಗುಂಡಿಗಳನ್ನು ಒಟ್ಟಿಗೆ ಒತ್ತುವ ರೂಢಿ ಬೆಳೆಯಿತು.

ಕೀಲಿಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಮುಖ್ಯವಾದ ವ್ಯತ್ಯಾಸವೊಂದಿದೆ. ಅದು ಫೈಲಿನ ಹೆಸರಿನಲ್ಲಿ ಅಡಗಿದೆ. ಮ್ಯಾಕ್, ಗ್ನೋಮ್ ಮತ್ತು ಆಂಡ್ರಾಯ್ಡ್‌ಗಳು ಚಿತ್ರ ತೆಗೆದ ದಿನಾಂಕ, ಗಂಟೆ, ನಿಮಿಷಗಳನ್ನು ಹೆಸರಿನಲ್ಲಿಯೇ ಬರೆದಿಡುತ್ತವೆ. ವಿಂಡೋಸ್ ಕೀಲಿ ಮತ್ತು ಪ್ರಿಂಟ್ ಸ್ಕ್ರೀನ್‌ನಿಂದ ಉಳಿದ ಚಿತ್ರಕ್ಕೆ ಸಿಗುವುದು ಕ್ರಮಸಂಖ್ಯೆ ಮಾತ್ರ. ಐಫೋನಿನದೂ ಸಂಖ್ಯೆಯೇ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಬಂದದ್ದಕ್ಕೆ ಹಳೆಯ ಹೆಸರು ಹೋಗಿ ಹೊಸ ಹೆಸರು ಬರುತ್ತದೆ. ಅದರಲ್ಲಿ ಕಾಣುವ ದಿನಾಂಕ ಚಿತ್ರ ತೆಗೆದ ದಿನದ್ದಲ್ಲ, ನಿಮ್ಮ ಫೋನಿಗೆ ಬಂದ ದಿನದ್ದು. ಅಡಿಕೆ ಧಾರಣೆಯ ಹಳೆಯ ಚಿತ್ರವೊಂದು ಹತ್ತಾರು ಗುಂಪುಗಳನ್ನು ಸುತ್ತಿ ಹೊಸ ಧಾರಣೆಯಂತೆ ತೋರಲು ಇಷ್ಟೇ ಸಾಕು.

ಚಿತ್ರದ ಮಾದರಿಯೂ ಲೆಕ್ಕಕ್ಕೆ ಬರುತ್ತದೆ. ೧೯೯೬ರಲ್ಲಿ ರೂಪುಗೊಂಡ ಪಿಎನ್‌ಜಿ ಮಾದರಿ ಪರದೆಯ ಪ್ರತಿ ಚುಕ್ಕಿಯನ್ನೂ ಇದ್ದ ಹಾಗೆಯೇ ಇಡುತ್ತದೆ. ಛಾಯಾಚಿತ್ರಗಳಿಗೆಂದು ಬಂದ ಜೆಪೆಗ್ ಮಾದರಿ ಜಾಗ ಉಳಿಸಲು ಸೂಕ್ಷ್ಮ ವಿವರಗಳನ್ನು ಬಿಟ್ಟುಬಿಡುತ್ತದೆ. ಅಕ್ಷರಗಳ ಅಂಚಿನಲ್ಲಿ ಹೊಗೆ ಕವಿದಂತಾಗುತ್ತದೆ. ಕನ್ನಡಕ್ಕೆ ಇದರ ಪೆಟ್ಟು ಹೆಚ್ಚು. ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಷಕಾರಕ್ಕೂ ಇರುವ ಅಂತರ ಒಂದು ಪುಟ್ಟ ಗೆರೆ. ಒತ್ತಕ್ಷರಗಳಂತೂ ಮೊದಲೇ ಸಣ್ಣವು. ಮಳೆಗೆ ತೇದ ಕಲ್ಲಿನಲ್ಲಿ ಶಾಸನತಜ್ಞರನ್ನು ಕಾಡುವ ಸಂದೇಹವೇ ನಾಲ್ಕಾರು ಬಾರಿ ಕೈಬದಲಾದ ಚಿತ್ರದಲ್ಲಿಯೂ ಕಾಡುತ್ತದೆ.

ಕನ್ನಡಕ್ಕೆ ಚಿತ್ರವೇ ಗತಿಯಾಗಿದ್ದ ಕಾಲ

ಪರದೆಯ ಚಿತ್ರಕ್ಕೆ ಕನ್ನಡಿಗರು ಬೇಗ ಒಗ್ಗಿಕೊಂಡಿದ್ದಕ್ಕೆ ಬೇರೆಯದೇ ಕಾರಣವಿದೆ. ಮೊದಲ ಕಂಪ್ಯೂಟರುಗಳಿಗೆ ಕನ್ನಡ ಬರುತ್ತಿರಲಿಲ್ಲ. ೧೯೮೦ರ ದಶಕದಲ್ಲಿ ಸಿ-ಡ್ಯಾಕ್ ಸಂಸ್ಥೆಯ ‘ಜಿಸ್ಟ್’ ಕಾರ್ಡನ್ನು ಯಂತ್ರದೊಳಗೆ ಕೂರಿಸಿದರೆ ಭಾರತೀಯ ಲಿಪಿಗಳು ಪರದೆಯ ಮೇಲೆ ಮೂಡುವಂತಾಯಿತು. ಕೆ.ಪಿ. ರಾವ್ ಅವರು ಕನ್ನಡಕ್ಕೆ ಉಚ್ಚಾರಣೆಗೆ ಹೊಂದುವ ಕೀಲಿಮಣೆ ವಿನ್ಯಾಸ ಕೊಟ್ಟರು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದವು. ತೀರ್ಥಹಳ್ಳಿ ಸೀಮೆಯ ಕುಪ್ಪಳಿ ಮನೆತನದ ಪೂರ್ಣಚಂದ್ರ ತೇಜಸ್ವಿಯವರು ಕಂಪ್ಯೂಟರಿನಲ್ಲಿ ಕನ್ನಡ ನೆಲೆಯೂರಬೇಕೆಂದು ಪಟ್ಟುಹಿಡಿದು ದುಡಿದದ್ದು ಸಾಹಿತ್ಯಾಸಕ್ತರಿಗೆಲ್ಲ ಗೊತ್ತು.

ಆದರೆ ಆ ಕಾಲದ ಬಹುತೇಕ ಕನ್ನಡ ಫಾಂಟುಗಳ ಒಳಗುಟ್ಟು ಬೇರೆ ಇತ್ತು. ಯಂತ್ರದ ಮಟ್ಟಿಗೆ ಅವು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ಮೇಲೆ ಕನ್ನಡದ ಆಕಾರ ತೊಡಿಸಲಾಗಿತ್ತು. ಕಳುಹಿಸಿದವರ ಫಾಂಟು ಪಡೆದವರಲ್ಲಿ ಇಲ್ಲದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ಹಾಗಾಗಿ ಕನ್ನಡದ ಪತ್ರ, ಲಗ್ನಪತ್ರಿಕೆ, ಪ್ರಕಟಣೆಗಳನ್ನು ದೂರದವರಿಗೆ ಮುಟ್ಟಿಸಲು ಚಿತ್ರವೇ ನಂಬಿಕೆಯ ಹಾದಿಯಾಯಿತು. ಚಿತ್ರಕ್ಕೆ ಫಾಂಟಿನ ಹಂಗಿಲ್ಲ. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡದ ಬದಲು ಖಾಲಿ ಚೌಕಗಳು ಕಾಣುತ್ತಿದ್ದಾಗಲೂ ಚಿತ್ರವೇ ಕೈಹಿಡಿಯಿತು.

೧೯೯೧ರ ಯುನಿಕೋಡ್ ಶಿಷ್ಟತೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಸಿಕ್ಕಿತ್ತು. ೨೦೦೧ರ ವಿಂಡೋಸ್ ಎಕ್ಸ್‌ಪಿಯಿಂದ ಆ ಕನ್ನಡ ಸಾಮಾನ್ಯರ ಕಂಪ್ಯೂಟರಿಗೂ ಇಳಿಯಿತು. ಇಂದು ಚಿತ್ರದೊಳಗಿನ ಕನ್ನಡವನ್ನು ಓದಿ ಅಕ್ಷರವಾಗಿ ಬದಲಿಸುವ ತಂತ್ರಾಂಶಗಳೂ ಇವೆ. ಶಾಸನತಜ್ಞ ಪಡಿಯಚ್ಚಿನ ಮುಂದೆ ಕುಳಿತು ಮಾಡುತ್ತಿದ್ದ ಕೆಲಸವನ್ನೇ ಇವು ಮಾಡುತ್ತವೆ, ಅವನಂತೆಯೇ ತಪ್ಪನ್ನೂ ಮಾಡುತ್ತವೆ. ಚಿತ್ರ ಸ್ವಚ್ಛವಾಗಿದ್ದಷ್ಟೂ ತಪ್ಪು ಕಡಿಮೆ. ಓದಿದ್ದನ್ನು ಮೂಲದೊಡನೆ ಹೋಲಿಸಿ ನೋಡುವುದು ಮಾತ್ರ ಮನುಷ್ಯರ ಪಾಲಿಗೆ ಉಳಿದಿದೆ.

ಕಡತದಿಂದ ಪಹಣಿಗೆ

ಈ ಚರ್ಚೆ ಬರಿಯ ವಿದ್ವಾಂಸರದ್ದಲ್ಲ. ಮಲೆನಾಡಿನ ಮನೆಮನೆಯ ಜಮೀನಿನ ಪ್ರಶ್ನೆ ಇದರಲ್ಲಿ ಸೇರಿಕೊಂಡಿದೆ.

ಇಂದು ಕಚೇರಿಯ ಫೈಲಿಗೆ ಕಡತ ಎನ್ನುತ್ತೇವೆ. ಮೂಲದಲ್ಲಿ ಕಡತವೆಂದರೆ ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿದ ಪುಸ್ತಕ. ಅದರ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂತಹ ಕಡತಗಳ ದೊಡ್ಡ ಸಂಗ್ರಹವಿದೆ. ಕೆಳದಿ ಗುಂಡಾ ಜೋಯಿಸರು ಶ್ರಮಪಟ್ಟು ಬೆಳೆಸಿದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ ಮತ್ತು ಹಳೆಯ ಕಾಗದಪತ್ರಗಳು ಉಳಿದಿವೆ. ಕಡತದ ಅನುಕೂಲವೂ ಅಪಾಯವೂ ಒಂದೇ. ಒರೆಸಿ ಮತ್ತೆ ಬರೆಯಬಹುದು. ನಮ್ಮ ಪರದೆಯ ಸ್ವಭಾವವೂ ಅದೇ ಅಲ್ಲವೆ?

ಪಹಣಿಯ ಕಥೆ ನೋಡಿ. ಗ್ರಾಮಲೆಕ್ಕಿಗರು ಕೈಯಲ್ಲಿ ಬರೆದುಕೊಡುತ್ತಿದ್ದ ಪಹಣಿಯ ಜಾಗದಲ್ಲಿ ಸರ್ಕಾರದ ‘ಭೂಮಿ’ ಯೋಜನೆಯ ಕಂಪ್ಯೂಟರ್ ಪಹಣಿ ಈ ಶತಮಾನದ ಆರಂಭದಲ್ಲಿ ಬಂತು. ರಾಜ್ಯದ ಸುಮಾರು ಎರಡು ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ಇದರಿಂದ ರೈತರಿಗಾದ ಅನುಕೂಲ ದೊಡ್ಡದು. ಆದರೆ ಅಲ್ಲಿ ಕಂಪ್ಯೂಟರಿಗೆ ಏರಿದ್ದು ಅಕ್ಷರ ಮತ್ತು ಅಂಕಿಗಳು, ಹಳೆಯ ಪುಟದ ಚಿತ್ರವಲ್ಲ. ಬೆರಳಚ್ಚಿಸುವಾಗ ಹೆಸರಿನ ಒಂದಕ್ಷರ, ವಿಸ್ತೀರ್ಣದ ಒಂದು ಗುಂಟೆ ತಪ್ಪಿದ್ದರೆ ಅದನ್ನು ತಿದ್ದಿಸಿಕೊಳ್ಳಲು ಕೈಬರಹದ ಹಳೆಯ ಪಹಣಿಯನ್ನೇ ಹುಡುಕಿಸಬೇಕು. ರೈಸ್ ಅವರ ಪಾಠ ತಿದ್ದಲು ಮತ್ತೆ ಕಲ್ಲಿನ ಬಳಿ ಹೋಗಬೇಕಾದಂತೆ. ಈಚೆಗೆ ‘ಭೂ ಸುರಕ್ಷಾ’ ಯೋಜನೆಯಡಿ ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ಕೆಲಸಕ್ಕೆ ಸರ್ಕಾರ ಕೈಹಾಕಿದೆ. ಮೊದಲು ಅಕ್ಷರ, ಇಪ್ಪತ್ತು ವರ್ಷಗಳ ಮೇಲೆ ಚಿತ್ರ. ಶಾಸನಗಳ ವಿಷಯದಲ್ಲಿ ಚಿತ್ರ ಮೊದಲು ಬಂದಿತ್ತು, ಇಲ್ಲಿ ಕ್ರಮ ತಲೆಕೆಳಗಾಗಿದೆ. ತಡವಾದರೂ ಆಗಬೇಕಾದ ಕೆಲಸವೇ.

೧೯೬೪ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳನ್ನು ನುಂಗಿತು. ಎದ್ದು ಬಂದ ಕುಟುಂಬಗಳ ಜಮೀನಿನ ಹಕ್ಕಿನ ಪ್ರಶ್ನೆ ಆರು ದಶಕಗಳಾದರೂ ಬಗೆಹರಿದಿಲ್ಲ. ಅಂತಹ ಮನೆಗಳಲ್ಲಿ ಮಾಸಿದ ಒಂದು ಹಾಳೆಗೆ, ಅದರ ಮೇಲಿನ ದಿನಾಂಕಕ್ಕೆ, ಸರ್ವೆ ನಂಬರಿಗೆ ಎಂತಹ ಬೆಲೆಯಿದೆ ಎಂದು ಬೇರೆಯವರು ಹೇಳಬೇಕಿಲ್ಲ. ಮುಂದಿನ ತಲೆಮಾರಿಗೆ ಆ ಹಾಳೆಯ ಜಾಗದಲ್ಲಿರುವುದು ಫೋನಿನಲ್ಲಿ ಉಳಿಸಿದ ಚಿತ್ರ.

ನಿಜವೋ, ಖೋಟಾವೋ?

ಚಿತ್ರ ಇದ್ದ ಮಾತ್ರಕ್ಕೆ ನಂಬಬೇಕೆ? ಈ ಪ್ರಶ್ನೆಯೂ ಹಳೆಯದು. ಭೂಮಿಯ ಆಸೆಗೆ ಹಿಂದಿನ ಅರಸರ ಹೆಸರಿನಲ್ಲಿ ಖೋಟಾ ತಾಮ್ರಪಟಗಳನ್ನು ಬರೆಸಿದವರು ನಮ್ಮ ನಾಡಿನಲ್ಲಿ ಇದ್ದರು. ಇವನ್ನು ಶಾಸನತಜ್ಞರು ಕೂಟಶಾಸನ ಎನ್ನುತ್ತಾರೆ. ಗಂಗರ ತಾಮ್ರಪಟಗಳಲ್ಲಿ ಅನೇಕವು ಖೋಟಾ ಎಂದು ಫ್ಲೀಟ್ ಅವರು ವಾದಿಸಿದರೆ, ರೈಸ್ ಅದನ್ನು ಒಪ್ಪದೆ ಉತ್ತರ ಕೊಟ್ಟರು. ಲಿಪಿ ಆ ಕಾಲದ್ದೇ, ಹೇಳಿದ ವಾರ ತಿಥಿಗಳು ಹೊಂದುತ್ತವೆಯೇ, ಬೇರೆ ಶಾಸನಗಳು ಏನು ಹೇಳುತ್ತವೆ ಎಂದು ತೂಗಿ ನೋಡುವ ಶಾಸ್ತ್ರ ಇಂತಹ ವಾದಗಳಿಂದಲೇ ಗಟ್ಟಿಯಾಯಿತು.

ಇಂದಿನ ಕೂಟಶಾಸನವೆಂದರೆ ಹಣ ಕಳುಹಿಸಿದಂತೆ ತಿದ್ದಿದ ಪರದೆಯ ಚಿತ್ರ. ಅಂಗಡಿಯವರಿಗೆ ಅದನ್ನು ತೋರಿಸಿ ಸಾಮಾನು ಒಯ್ದವರ ಸುದ್ದಿ ಎಲ್ಲ ಊರುಗಳಿಂದಲೂ ಬರುತ್ತಿದೆ. ನ್ಯಾಯಾಲಯಗಳು ಈ ಕಾರಣಕ್ಕೇ ಚಿತ್ರದ ಜೊತೆಗೆ ಪ್ರಮಾಣಪತ್ರ ಕೇಳುತ್ತವೆ. ಹಿಂದಿನ ಸಾಕ್ಷ್ಯ ಅಧಿನಿಯಮದ ೬೫-ಬಿ ಕಲಮಿನಲ್ಲಿದ್ದ ಈ ಅಗತ್ಯವನ್ನು ಸುಪ್ರೀಂ ಕೋರ್ಟ್ ೨೦೨೦ರಲ್ಲಿ ಎತ್ತಿಹಿಡಿಯಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದು ೬೩ನೆಯ ಕಲಮು. ಯಾವ ಯಂತ್ರದಿಂದ ಬಂತು ಎಂಬುದರ ಜೊತೆಗೆ ಫೈಲಿನ ‘ಹ್ಯಾಶ್’ ಎಂಬ ಸಂಖ್ಯೆಯನ್ನೂ ನಮೂದಿಸಬೇಕು. ಇದು ಫೈಲಿನ ಬೆರಳಚ್ಚು ಇದ್ದಂತೆ. ಒಂದು ಚುಕ್ಕಿ ಬದಲಾದರೂ ಸಂಖ್ಯೆ ಬದಲಾಗುತ್ತದೆ. ಹಾಗೆಯೇ ಪಹಣಿಯ ಪುಟವನ್ನು ಪರದೆಯಲ್ಲಿ ನೋಡಿ ತೆಗೆದ ಚಿತ್ರ ನಮ್ಮ ನೆನಪಿಗೆ ಆದೀತೇ ಹೊರತು ಶುಲ್ಕ ಕಟ್ಟಿ ಪಡೆಯುವ ಅಧಿಕೃತ ಪ್ರತಿಗೆ ಸಮನಾಗದು.

ವಿಳಾಸ ಬರೆದಿಡಿ

ಹಾಗಾದರೆ ಸಾಮಾನ್ಯ ಓದುಗರು ಮಾಡಬೇಕಾದದ್ದೇನು? ಮುಖ್ಯವಾದ ಸಂಗತಿಯ ಚಿತ್ರ ತೆಗೆಯುವಾಗ ಬೇಕಾದ ಸಾಲನ್ನಷ್ಟೇ ಕತ್ತರಿಸದೆ ಮೇಲಿನ ವಿಳಾಸಪಟ್ಟಿ, ಕೆಳಗಿನ ದಿನಾಂಕ ಎಲ್ಲ ಬರುವಂತೆ ಇಡೀ ಪರದೆಯನ್ನು ತೆಗೆಯಿರಿ. ಫೈಲಿಗೆ ಊರು, ವಿಷಯ, ದಿನಾಂಕ ಸೇರಿಸಿ ಹೆಸರಿಡಿ. ಸರ್ವೆ ನಂಬರ್ ಅಥವಾ ಅರ್ಜಿಯ ಸಂಖ್ಯೆ ಇದ್ದರೆ ಅದನ್ನೂ ಬರೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವುದಾದರೆ ಚಿತ್ರವಾಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಅಕ್ಷರ ಮಸುಕಾಗುವುದಿಲ್ಲ, ಹೆಸರೂ ಉಳಿಯುತ್ತದೆ. ಫೋನು ನೀರಿಗೆ ಬಿದ್ದರೂ ಉಳಿಯುವಂತೆ ಇನ್ನೊಂದು ಕಡೆ ಒಂದು ಪ್ರತಿ ಇರಲಿ. ಇವೆಲ್ಲಕ್ಕೂ ಸೇರಿ ಒಂದೆರಡು ನಿಮಿಷ ಸಾಕು.

ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಈಗ ಆ ಭಾಗದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಉಳಿಸುತ್ತಿದ್ದಾರೆ. ಅವರು ಹಳ್ಳಿಗಳಿಗೆ ಹುಡುಕಿಕೊಂಡು ಹೋದಾಗ ರೈಸ್ ಕಾಲದಲ್ಲಿ ಇದ್ದ ಎಷ್ಟೋ ಕಲ್ಲುಗಳು ಸ್ಥಳದಲ್ಲಿಲ್ಲ. ರಸ್ತೆ, ಬಡಾವಣೆಗಳ ಕೆಳಗೆ ಹೋಗಿವೆ. ಅವುಗಳ ಪಾಲಿಗೆ ಉಳಿದದ್ದು ಸಂಪುಟದಲ್ಲಿ ಅಚ್ಚಾದ ಪಾಠ ಮತ್ತು ಊರಿನ ಹೆಸರು ಮಾತ್ರ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿಯೂ ತೋಟದ ಬದುವಿನಲ್ಲಿ, ಪಾಳುಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ಇಂದಿಗೂ ಕಲ್ಲುಗಳು ನಿಂತಿವೆ. ಕೈಯಲ್ಲಿ ಫೋನಿರುವ ಯಾರಾದರೂ ಅಂತಹ ಕಲ್ಲಿನ ಚಿತ್ರ ತೆಗೆದು, ಊರು, ಜಾಗ ಮತ್ತು ದಿನಾಂಕಗಳನ್ನು ಜೊತೆಗೆ ಬರೆದಿಟ್ಟರೆ ಎಂಟನೆಯ ಸಂಪುಟದ ಕೆಲಸವನ್ನು ಅಷ್ಟರಮಟ್ಟಿಗೆ ಮುಂದುವರಿಸಿದಂತೆಯೇ ಸರಿ.